ಅಣ್ಣನ ಸರದಿ

ಇತಾಗುವಾ
ಏಪ್ರಿಲ್ ೧೮, ಭಾನುವಾರ

ಮಗು ಅರ್ನಾಲ್ಡೊ,

ಹೇಗಿದ್ದೀಯಪ್ಪ? ನಿನ್ನನ್ನು ಹೊಸದಾಗಿ ಹಾಕಿರುವ ಆ ಗಡಿ ಠಾಣೆಯ ಧೂಳಿಗೆ ಕೆಮ್ಮು ಹೆಚ್ಚಿದೆ, ಊಟವನ್ನೂ ಬಿಟ್ಟಿದ್ದೀಯ ಎಂದು ಸೆಲ್ವಾ ಫೋನಿನಲ್ಲಿ ಅತ್ತಳು. ಕಟ್ಟಿಕೊಂಡವಳನ್ನು ಅಳಿಸಬೇಡ. ನಾನು ಚೆನ್ನಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ, ಎದ್ದು ಓಡಾಡುತ್ತಿದ್ದೇನೆ. ಮಾವಿನ ಮರದ ಕೆಳಗೆ ಡೆರ್ಲಿಸ್‌ನ ಮೋಟು ಕುರ್ಚಿ ಇದ್ದಲ್ಲೇ ಇದೆ. ಅದರಲ್ಲೀಗ ಬೆಕ್ಕು ಮಲಗುತ್ತದೆ, ಓಡಿಸಲು ಮನಸ್ಸು ಬರುವುದಿಲ್ಲ.

ತಮ್ಮ ಡೆರ್ಲಿಸ್‌ನ ಮಣ್ಣಿಗೂ ನೀನು ಬರಲಿಲ್ಲ, ಒಂಬತ್ತು ದಿನದ ಪ್ರಾರ್ಥನೆಗೂ ಬರಲಿಲ್ಲ. ಕೇಳಿದವರಿಗೆಲ್ಲ ನಿನಗೆ ರಜೆ ಸಿಕ್ಕಿಲ್ಲ ಎಂದು ನಾನೇ ಹೇಳಿದೆ. ಪೊಲೀಸರ ಸಾಲಿನಲ್ಲಿ ಅವನಿಗೆ ಎದುರಾಗಿ ನಿಂತಿದ್ದವನು ಅವನ ಪೆಟ್ಟಿಗೆಯ ಮುಂದೆ ಹೇಗೆ ನಿಲ್ಲಲಿ ಎಂದು ನೀನು ಅಂಜಿದೆ, ಅಲ್ಲವೇ? ಅವನಿಗೆ ತಗುಲಿದ ಗುಂಡು ಬಂದದ್ದು ಆಚೆ ಕಟ್ಟಡದ ಚಾವಣಿಯಿಂದ, ನಿಮ್ಮ ಸಾಲಿನಿಂದಲ್ಲ. ಇದನ್ನು ಅವನ ಗೆಳೆಯರೇ ಹೇಳಿದರು. ಈ ಮನೆಯಲ್ಲಿ ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ.

ಅವನು ಚೌಕದ ಪ್ರತಿಭಟನೆಗೆ ಹೋದದ್ದು ವಿದ್ಯಾರ್ಥಿಗಳಿಗೆ ಬಸ್ಸಿನಲ್ಲಿ ಅರ್ಧ ಟಿಕೆಟ್ ಕೇಳಲು. "ಅರ್ಧ ಟಿಕೆಟ್ ಸಿಕ್ಕಿದ್ರೂ ನೀನು ಪೂರ್ತಿ ಬಸ್ಸನ್ನೇ ತಪ್ಪಿಸ್ಕೋತೀಯ, ಮೊದ್ಲು ಬೇಗ ಏಳೋದು ಕಲಿ" ಎಂದು ಆ ಬೆಳಿಗ್ಗೆ ನಾನು ರೇಗಿಸಿದೆ. "ನನಗಲ್ಲಮ್ಮ, ನಿಲ್ಸಾಗೆ. ಬಸ್ಸಿಗೆ ಕಾಸಿಲ್ದೆ ಕ್ಲಾಸಿಗೇ ಬರಲ್ಲ ಅವಳು" ಎಂದ. ಆ ಹುಡುಗಿಯ ಹೆಸರು ಹೇಳುವಾಗ ಅವನ ಕಿವಿ ಕೆಂಪಾಗುತ್ತಿತ್ತು, ನಾನು ನೋಡದವಳಂತೆ ಪುದೀನ ಜಜ್ಜುತ್ತಿದ್ದೆ. ತೆರೆರೆ ಸೊಪ್ಪು ತುಂಬಿದ ಕೊಂಬಿನ ಲೋಟ, ಅದಕ್ಕೆ ಸುರಿಯಲು ಪುದೀನ ಹಾಕಿದ ತಣ್ಣೀರಿನ ಥರ್ಮಾಸು ಹಿಡಿದು ಹೊರಟ. ಘೋಷಣೆ ಕೂಗಲು ಅವನಿಗೆ ಗಂಟಲೆಲ್ಲಿತ್ತು? ಕೂಗುವವರಿಗೆಲ್ಲ ತೆರೆರೆ ಸುರಿದು ಕುಡಿಯಲು ಕೊಡುವುದೇ ಅವನ ಹೋರಾಟವಾಗಿತ್ತು.

ಸುರಿದು ಕೊಡುವುದು ಮನೆಯ ಕಿರಿಯವನ ಕೆಲಸ ಎಂದು ಆರನೇ ವಯಸ್ಸಿಗೇ ಅದನ್ನು ನಿನ್ನ ಕೈಯಿಂದ ಕಸಿದುಕೊಂಡಿದ್ದನಲ್ಲ. ಹೊರದೇಶದ ಪಾದ್ರಿ ಬಂದದ್ದು ನೆನಪಿದೆಯೇ? ಲೋಟ ಕೈಗೆ ಬರುವ ಮೊದಲೇ, ಪಾಪ, ಮರ್ಯಾದೆಗೆ ಗ್ರಾಸಿಯಾಸ್ ಎಂದುಬಿಟ್ಟರು. ಬೇರೆ ಕಡೆ ಅದು ವಂದನೆಯ ಮಾತು. ಒಂದೇ ಲೋಟ ಸರದಿಯಂತೆ ಕೈ ಬದಲಿಸುವ ನಮ್ಮ ತೆರೆರೆ ಸುತ್ತಿನಲ್ಲಿ ಹಾಗೆಂದರೆ ಸಾಕು, ನನಗಿನ್ನು ಕೊಡಬೇಡ ಎಂದರ್ಥ. ನಾವೆಲ್ಲ ಅವರನ್ನು ಬಿಟ್ಟು ಕುಡಿದೆವು. ಡೆರ್ಲಿಸ್ ಮಾತ್ರ ಸೊಂಟಕ್ಕೆ ಕೈಯಿಟ್ಟು, "ಕುಡೀದೆ ಹೇಳಿದ್ದು ಲೆಕ್ಕಕ್ಕಿಲ್ಲ" ಎಂದು ಅವರಿಗೆ ಮತ್ತೆ ಕೊಟ್ಟಿದ್ದ.

ನಿನ್ನನ್ನು ತಿನ್ನುತ್ತಿರುವುದೂ ಅದೇ ಗ್ರಾಸಿಯಾಸ್ ಎಂದು ಸೆಲ್ವಾ ಹೇಳಿದಳು. ಅವನು ನಿಮ್ಮ ಸಾಲಿನವರೆಗೂ ಬಂದು, "ತಗೋ ಅಣ್ಣ, ಬಿಸಿಲು" ಎಂದು ಲೋಟ ಚಾಚಿದನಂತೆ. ಪಕ್ಕದಲ್ಲೇ ನಿನ್ನ ಅಧಿಕಾರಿ ನಿಂತಿದ್ದ. ನೀನು ಮುಖ ತಿರುಗಿಸಿ ಗ್ರಾಸಿಯಾಸ್ ಎಂದೆಯಂತೆ. ಸ್ವಲ್ಪ ಹೊತ್ತಿಗೇ ಗುಂಡು ಹಾರಿತು. "ತಮ್ಮನಿಗೆ ಕೊನೆಗೆ ಸಾಕು ಅಂದ್ಬಿಟ್ಟೆ" ಎಂದು ನಿದ್ದೆಯಲ್ಲೂ ಬಡಬಡಿಸುತ್ತೀಯಂತೆ. ಏನು ಹೇಳಿ ಸಮಾಧಾನ ಮಾಡಲಿ, ಮಗು? ಒಬ್ಬನನ್ನು ಮಣ್ಣಿಗೆ ಕೊಟ್ಟಿದ್ದೇನೆ, ಇನ್ನೊಬ್ಬನನ್ನು ಒಂದು ಮಾತಿಗೆ ಕೊಡಲಾರೆ.

ಕೆಮ್ಮಿಗೆ ಜೇನು ನೆಕ್ಕು. ತಾಯಿ ಮೇರಿ ನಿನ್ನ ಹಣೆಯ ಮೇಲೆ ಕೈಯಿಡಲಿ, ನನ್ನ ಕೈ ಅಷ್ಟು ದೂರ ಬರುವುದಿಲ್ಲ.

ನಿನ್ನ ಅಮ್ಮ,
ಬ್ಲಾಸಿದಾ

ಮತ್ತೆ: ಕಾಗದ ಮಡಚುವಷ್ಟರಲ್ಲಿ ನಿಲ್ಸಾ ಬಂದಳು, ಅವನ ಕೊಂಬಿನ ಲೋಟ ಕೊಡಲು. ನಿನ್ನ ಬಳಿಯಿಂದ ಅವನು ನಗುತ್ತಲೇ ವಾಪಸು ಬಂದನಂತೆ. "ನಮ್ಮಣ್ಣನೂ ಆ ಪಾದ್ರಿ ಥರಾನೇ ಕಣೆ, ಲೋಟ ಮುಟ್ಟೋ ಮುಂಚೇನೇ ಗ್ರಾಸಿಯಾಸ್ ಅಂದ. ಕುಡೀದೆ ಹೇಳಿದ್ದು ಲೆಕ್ಕಕ್ಕಿಲ್ಲ. ಅವನ ಸರದಿ ಹಾಗೇ ಇದೆ" ಎಂದನಂತೆ. ಲೋಟ ತೊಳೆದಿಟ್ಟಿದ್ದೇನೆ. ಇನ್ನು ನೀರು ಸುರಿದು ಕೊಡುವವಳು ನಾನೇ. ಬೇಗ ಬಾ, ನಿನ್ನ ಸರದಿ.