ಕಣ್ಣಿಂದ ಕತ್ತರಿಸಿದ್ದನ್ನು ಬಿಸಾಡಬೇಡಿ

ಉಚಿತ ಕಣ್ಣಿನ ಶಿಬಿರಗಳ ಮೇಲಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ, ಕ್ಷಮಿಸಿ. ನನ್ನ ಅಣ್ಣ ನಾಗಲಿಂಗನ ಕಣ್ಣಿನಿಂದ ಕತ್ತರಿಸಿದ ಮಾಂಸವನ್ನು ನಿಮ್ಮ ಶಿಬಿರದವರು ಪರೀಕ್ಷೆಗೆ ಕಳಿಸದೆ ಕಸದ ಬಕೆಟ್ಟಿಗೆ ಹಾಕಿದರು. ಈಗ ಆ ಕಣ್ಣೇ ಇಲ್ಲ. ನನ್ನ ದೂರು ಇಷ್ಟೇ.

ಅಣ್ಣ ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಕೊರೆಯುವವನು. ಕಣ್ಣಿಗೆ ಕಲ್ಲಿನ ಪುಡಿ ಬೀಳುವುದು, ಹೆಂಗಸರು ಸೆರಗಿನ ತುದಿ ಹೊಸೆದು ಅದನ್ನು ತೆಗೆಯುವುದು ನಮ್ಮಲ್ಲಿ ದಿನನಿತ್ಯದ್ದು. ಕಪ್ಪುಗುಡ್ಡೆಯ ಅಂಚಿನಲ್ಲಿ ಬಿಳಿ ಮಚ್ಚೆ ಕಂಡಾಗಲೂ ಅವ್ವ ಪುಡಿಯೆಂದೇ ತಿಳಿದು ಸೆರಗು ಹೊಸೆದಳು. ಪುಡಿ ಬರಲಿಲ್ಲ, ರಕ್ತ ಬಂತು. ಅವ್ವ ವೈದ್ಯಶಾಸ್ತ್ರ ಓದಿದವಳಲ್ಲ. ಆದರೆ ನಿಮ್ಮ ವೈದ್ಯರು? ಟಾರ್ಚ್ ಬಿಟ್ಟು ನೋಡಿ, ಧೂಳಿನಿಂದ ಬೆಳೆದ ದುರ್ಮಾಂಸ, ಅಪಾಯವೇನಿಲ್ಲ ಎಂದು ಒಂದೇ ಉಸಿರಿನಲ್ಲಿ ತೀರ್ಮಾನಿಸಿದರು. ಕಲ್ಲು ಒಡೆಯುವವನ ಕಣ್ಣಿನಲ್ಲಿ ಧೂಳಲ್ಲದೆ ಬೇರೇನಾದರೂ ಇರಲು ಸಾಧ್ಯವೇ? ಕತ್ತರಿಸಿದರು, ಹಾರ ಹಾಕಿಸಿಕೊಂಡರು, ಫೋಟೋ ತೆಗೆಸಿಕೊಂಡು ಹೋದರು.

ವರ್ಷ ತುಂಬುವುದರೊಳಗೆ ಅದು ಮತ್ತೆ ಬೆಳೆಯಿತು. ಹುಬ್ಬಳ್ಳಿಯ ವೈದ್ಯರೊಬ್ಬರು ಅಣ್ಣನನ್ನು ಯಂತ್ರದ ಮುಂದೆ ಕೂರಿಸಿ, ಬಣ್ಣದ ಹನಿ ಹಾಕಿ ನೋಡಿ, ಹಿಂದೆ ತೆಗೆದ ಮಾಂಸದ ವರದಿ ಎಲ್ಲಿ ಎಂದು ಕೇಳಿದರು.

“ಬಕೀಟನ್ಯಾಗ ಒಗದ್ರರಿ,” ಅಂದ ಅಣ್ಣ.

ಅವರು ತಾವೇ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಒಳಗಿಳಿದಿದೆ, ಕಣ್ಣು ತೆಗೆಯದೆ ಗತಿಯಿಲ್ಲ ಎಂದರು. ಇಂಥವು ಎಷ್ಟೋ ಸಲ ಕ್ಯಾನ್ಸರಿಗೆ ಮುಂಚಿನ ಹಂತದಲ್ಲೇ ಸಿಕ್ಕಿಬೀಳುತ್ತವೆ, ಅಂದೇ ಪರೀಕ್ಷಿಸಿದ್ದರೆ ಕಣ್ಣು ಉಳಿಯುವ ಸಾಧ್ಯತೆ ಬಹಳವಿತ್ತು ಎಂದೂ ಹೇಳಿದರು.

ನಿಮ್ಮ ಕಚೇರಿಗೆ ಬಂದು ಕೇಳಿದರೆ, ದುರ್ಮಾಂಸವನ್ನೆಲ್ಲ ಪ್ರಯೋಗಾಲಯಕ್ಕೆ ಕಳಿಸುವ ಪದ್ಧತಿ ಇಲ್ಲ ಎಂಬ ಉತ್ತರ ಸಿಕ್ಕಿತು. ಯಾವ ಪದ್ಧತಿ ಸ್ವಾಮಿ? ಅದು ದುರ್ಮಾಂಸವೋ ಅಲ್ಲವೋ ಎಂದು ನಿಮಗೆ ಬಕೆಟ್ಟು ಹೇಳುತ್ತದೆಯೇ?

ಮುಂದಿನ ವಾರ ಇಳಕಲ್ಲಿನಲ್ಲಿ ಮತ್ತೆ ನಿಮ್ಮ ಶಿಬಿರವಿದೆ. ಅಣ್ಣನ ಜೊತೆ ಕೆಲಸ ಮಾಡುವ ಅಬ್ದುಲಸಾಬರ ಕಣ್ಣಲ್ಲೂ ಅದೇ ಜಾಗದಲ್ಲಿ ಬಿಳಿ ಮಚ್ಚೆ ಎದ್ದಿದೆ. ಹುಬ್ಬಳ್ಳಿಗೆ ಹೋಗಿ ಎಂದು ಎಷ್ಟು ಬೇಡಿಕೊಂಡರೂ ಕೇಳುತ್ತಿಲ್ಲ. “ಸರಕಾರದವ್ರ ಬರ್ತಾರಲ್ಲ ತಂಗೀ, ಅವ್ರಿಗೇ ತೋರಸ್ತೇನಿ,” ಅನ್ನುತ್ತಾರೆ. ಇಷ್ಟಾದ ಮೇಲೂ ನಿಮ್ಮನ್ನು ನಂಬುವವರು ಊರಲ್ಲಿದ್ದಾರೆ! ಅವರ ಕಣ್ಣನ್ನು ಯಂತ್ರವಿಟ್ಟು ನೋಡಿ. ಕತ್ತರಿಸಿದ್ದನ್ನು ಬಾಟಲಿಗೆ ಹಾಕಿ ಪರೀಕ್ಷೆಗೆ ಕಳಿಸಿ, ವರದಿಯನ್ನು ಅವರ ಕೈಗೆ ಕೊಡಿ. ಅಷ್ಟು ಆಗದಿದ್ದರೆ ಶಿಬಿರವನ್ನೇ ರದ್ದು ಮಾಡಿ. ನೀವು ಬರದಿದ್ದರೆ ಅವರು ಹುಬ್ಬಳ್ಳಿ ಬಸ್ ಹತ್ತುತ್ತಾರೆ.

ಇಂತಿ,
ನಿಮ್ಮ ಫಲಾನುಭವಿಯೊಬ್ಬನ ತಂಗಿ
ಮಹೇಶ್ವರಿ, ಇಳಕಲ್