ಇಬ್ಬನಿಯ ಹತ್ತಿ, ಬಿಸಿಲಿನ ಹತ್ತಿ ಮತ್ತು ಒಂದು ಕೆಂಪು ಎಳೆ

ನಮ್ಮ ಭಾಗದ ಹತ್ತಿ ಖರೀದಿ ಕೇಂದ್ರದ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕೇಂದ್ರದ ಗೇಟಿಗೆ ಕಟ್ಟಿರುವ ಹಳದಿ ಫ್ಲೆಕ್ಸಿನ ಕೊನೆಯ ಸಾಲನ್ನು ಅಳಿಸಿ. "ತೇವಾಂಶವನ್ನು ತಪ್ಪಿಸುವ ಸಲುವಾಗಿ ರೈತರು ಮಧ್ಯಾಹ್ನದ ನಂತರ ಬಿಡಿಸಿದ ಹತ್ತಿಯನ್ನು ಮಾತ್ರ ತರತಕ್ಕದ್ದು" ಎಂಬ ಆ ಒಂದು ಸಾಲು ನಮ್ಮ ಹತ್ತಿಯನ್ನು ಕೆಡಿಸಿದೆ, ಹನ್ನೊಂದು ಹೆಣ್ಣುಮಕ್ಕಳ ಬೆರಳು ಸೀಳಿದೆ, ಸಂಕ್ರಾಂತಿ ಕಳೆಯುತ್ತಿದ್ದಂತೆ ಅವರಲ್ಲಿ ಏಳು ಮಂದಿಯನ್ನು ಗೋವಾದ ಕಟ್ಟಡ ಕೆಲಸಕ್ಕೆ ಅಟ್ಟಲು ಹೊರಟಿದೆ. ಇದನ್ನೇ ಎರಡು ಸಲ ನಿಮ್ಮ ಕಚೇರಿಗೆ ಬರೆದು ಕೊಟ್ಟೆ. ಎರಡೂ ಸಲ "ಪರಿಶೀಲನೆಯಲ್ಲಿದೆ" ಎಂಬ ಮುದ್ರೆ ಹೊತ್ತು ನನ್ನ ಪತ್ರದ ನಕಲೇ ನನಗೆ ವಾಪಸು ಬಂತು. ಆದ್ದರಿಂದ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಗಜೇಂದ್ರಗಡದವಳು. ಲಕ್ಕಲಕಟ್ಟಿಯಲ್ಲಿ ನಮ್ಮದು ಒಂಬತ್ತು ಎಕರೆ ಎರೆ ಹೊಲ. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ನಾನೇ ಒಕ್ಕಲುತನ ನೋಡಿಕೊಳ್ಳುತ್ತೇನೆ. ಓದಿದ್ದು ಗದಗಿನ ಇಂಗ್ಲಿಷ್ ಶಾಲೆಯಲ್ಲಿ. ಹತ್ತಿಯನ್ನು ನಾನು ಮೊದಲು ಕಲಿತದ್ದು ಭೂಪಟದ ಮೇಲೆ: ಕಪ್ಪು ಮಣ್ಣಿನ ಜಾಗಕ್ಕೆ ಬೂದು ಬಣ್ಣ ಹಚ್ಚಿ "ಕಾಟನ್" ಎಂದು ಬರೆದರೆ ಎರಡು ಅಂಕ. ಆ ಬೂದು ಬಣ್ಣದೊಳಗೆ ನಮ್ಮ ಹೊಲವೂ ಇತ್ತೆಂದು ಆಗ ನನಗೆ ಹೊಳೆದಿರಲಿಲ್ಲ. ಇದನ್ನು ಹೇಳುವುದಕ್ಕೆ ಕಾರಣವಿದೆ. ಈ ಸುಗ್ಗಿಯಲ್ಲಿ ನಡೆದದ್ದರಲ್ಲಿ ನಿಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ನಾನಿನ್ನೂ ತೂಗಿ ನೋಡುತ್ತಿದ್ದೇನೆ.

ನಮ್ಮಲ್ಲಿ ಹತ್ತಿ ಬಿಡಿಸುವುದು ಬೆಳಗಿನ ಕೆಲಸ. ಹೊತ್ತು ಮೂಡುವ ಮುಂಚೆ ಕರಿಯವ್ವನ ಗುಂಪು ಉಡಿ ಕಟ್ಟಿಕೊಂಡು ಸಾಲಿಗೆ ಇಳಿದಿರುತ್ತದೆ. ಕರಿಯವ್ವನಿಗೆ ಅರವತ್ತು ದಾಟಿದೆ. ಉಳಿದ ಹತ್ತು ಮಂದಿಯನ್ನು ಎಬ್ಬಿಸಿ ಕರೆತರುವವಳು, ಬೈಯುವವಳು, ಅವರ ಪರವಾಗಿ ನನ್ನೊಡನೆ ಜಗಳಕ್ಕೆ ನಿಲ್ಲುವವಳು ಅವಳೇ. ಆ ಹೊತ್ತಿನಲ್ಲಿ ಕಾಯಿಯ ಸುತ್ತಲಿನ ಒಣ ಎಲೆ ಇಬ್ಬನಿಗೆ ನೆನೆದು ಮೆತ್ತಗಾಗಿರುತ್ತದೆ. ಎಳೆದರೆ ಹತ್ತಿಯಷ್ಟೇ ಕೈಗೆ ಬರುತ್ತದೆ, ಎಲೆ ಗಿಡದಲ್ಲೇ ಉಳಿಯುತ್ತದೆ. ಬಿಸಿಲೇರಿತೆಂದರೆ ಅದೇ ಎಲೆ ಹಪ್ಪಳ. ಮುಟ್ಟಿದರೆ ಪುಡಿ, ಆ ಪುಡಿಯೆಲ್ಲ ಹತ್ತಿಯ ಮೈಗೆ. ಒಡೆದ ಕಾಯಿಯ ಒಂದೊಂದು ತುದಿಯೂ ಸೂಜಿಯಾಗಿ ನಿಲ್ಲುತ್ತದೆ. ಹನ್ನೊಂದಕ್ಕೆ ಹತ್ತಿ ಮುಗಿಸಿ, ಬುತ್ತಿ ಉಂಡು, ಈ ಹೆಣ್ಣುಮಕ್ಕಳು ಪಕ್ಕದ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಒಂದೇ ದಿನದಲ್ಲಿ ಎರಡು ಕೂಲಿ. ಅದರಿಂದಲೇ ಅವರು ಊರಲ್ಲಿ ಉಳಿದಿದ್ದಾರೆ. ಹತ್ತಿಯನ್ನು ನಾವು ಎರಡು ದಿನ ಕಣದಲ್ಲಿ ಹರವಿ, ಒಣಗಿಸಿ, ಆಳೆತ್ತರದ ಚೀಲಗಳಿಗೆ ತುಂಬುತ್ತೇವೆ.

ಮನೆಯಲ್ಲೇ ಒಣಗಿಸಿದರೆ ತೇವ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ನಿಮ್ಮ ಗೇಟಿನ ಮುಂದೆ ಇದೆ. ನವೆಂಬರಿನಲ್ಲಿ, ಮೊದಲ ಸಲ ಬಿಡಿಸಿದ ಹತ್ತಿಗೆ, ನಿಮ್ಮ ಆ್ಯಪ್ ಬೆಳಗಿನ ಎಂಟು ಗಂಟೆಯ ಸರದಿ ಕೊಟ್ಟಿತು. ಎಂಟಕ್ಕೆ ಒಳಗೆ ಹೋಗಬೇಕಾದರೆ ಹಿಂದಿನ ಸಂಜೆಯೇ ಬಂದು ಪಾಳಿಯಲ್ಲಿ ನಿಲ್ಲಬೇಕು. ನಮ್ಮ ಹತ್ತಿ ಹೇರಿದ್ದ ಅಬ್ದುಲಮಜೀದರ ಟೆಂಪೊ ರಾತ್ರಿಯಿಡೀ ಬಯಲಲ್ಲಿ ನಿಂತಿತ್ತು. ತಾಡಪತ್ರಿ ಹೊದಿಸಿದ್ದರೂ ಬದಿಯ ಚೀಲಗಳು ತೊಯ್ದವು. ಬೆಳಿಗ್ಗೆ ಗುಣಮಟ್ಟ ನೋಡುವ ನಿಮ್ಮ ಗ್ರೇಡರ್ ಬಂದು ಬದಿಯ ಚೀಲಕ್ಕೇ ತೇವ ಅಳೆಯುವ ಯಂತ್ರದ ಮೊನೆ ಚುಚ್ಚಿದರು. ಶೇಕಡಾ ಹದಿಮೂರು ಪಾಯಿಂಟ್ ನಾಲ್ಕು. ಹನ್ನೆರಡು ದಾಟಿದರೆ ಹತ್ತಿ ವಾಪಸು.

"ಸಾಹೇಬ್ರ, ಒಳಗಿನ ಚೀಲಕ್ಕ ಚುಚ್ಚಿ ನೋಡ್ರಿ. ಇದು ಹೊಲದ ತೇವ ಅಲ್ರಿ, ನಿಮ್ಮ ಪಾಳಿ ಹಚ್ಚಿದ ತೇವ," ಎಂದರು ಅಬ್ದುಲಮಜೀದ.

"ಹೊಲದ್ದ್ಯಾವುದು, ಪಾಳೀದ್ಯಾವುದು ಅಂತ ಮಷೀನಿಗೆ ತಿಳಿಯಂಗಿಲ್ಲ," ಎಂದರು ಗ್ರೇಡರ್.

"ಮಷೀನಿಗೆ ತಿಳಿಯಂಗಿಲ್ಲ ಅಂತನ ನಿಮ್ಮನ್ನ ಇಟ್ಟಾರಲ್ರಿ!"

ಹಿಂದಿನ ಗಾಡಿಯವರು ನಕ್ಕರು. ಅಲ್ಲೇ ಅಂಗಳದಲ್ಲಿ ಎರಡು ತಾಸು ಹರವಿಕೊಳ್ಳುತ್ತೇವೆ ಎಂದು ಕೇಳಿದೆವು. ಆವರಣದಲ್ಲಿ ಹತ್ತಿ ಹರವುವಂತಿಲ್ಲ ಎಂದು ಗ್ರೇಡರ್ ಹಳದಿ ಫ್ಲೆಕ್ಸಿನ ಕಡೆ ಬೆರಳು ಮಾಡಿದರು. ಗೇಟಿನ ಹೊರಗೆ ಕಾದಿದ್ದ ಖಾಸಗಿ ವ್ಯಾಪಾರಿ ತನಗೆ ತೋಚಿದ ದರಕ್ಕೆ ಅದನ್ನು ಕೊಂಡು, ನಮ್ಮ ಕಣ್ಣೆದುರೇ ತಾಡಪತ್ರಿಯ ಮೇಲೆ ಹರವಿದ. ನಾವು ಚಹಾ ಕುಡಿದು, ನಾಷ್ಟಾ ಮಾಡಿ ಹೊರಡುವ ಹೊತ್ತಿಗೆ ಅದು ಗರಿಗರಿ ಒಣಗಿತ್ತು. ಒಬ್ಬ ವ್ಯಾಪಾರಿಗೆ ತಿಳಿದಿರುವ ಬಿಸಿಲಿನ ಉಪಯೋಗ ಒಂದು ಸರ್ಕಾರಿ ಕೇಂದ್ರಕ್ಕೆ ತಿಳಿಯಬಾರದೆಂಬ ನಿಯಮವೂ ಇದೆಯೇ?

ಆದರೆ ಆ ದಿನ ನಾನು ಈ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ನಗುತ್ತಿದ್ದಾಗ ನಾನು ನಿಮ್ಮ ಫ್ಲೆಕ್ಸ್ ಓದುತ್ತಿದ್ದೆ. ಓದಿ ನಂಬಿದೆ. ಅಚ್ಚಾದದ್ದನ್ನು ನಂಬುವುದು ನನ್ನ ಶಾಲೆ ನನಗೆ ಕಲಿಸಿದ ಅಭ್ಯಾಸ. ಡಿಸೆಂಬರಿನಲ್ಲಿ ಎರಡನೇ ಸಲ ಬಿಡಿಸುವ ಹೊತ್ತಿಗೆ ಕರಿಯವ್ವನನ್ನು ಕರೆದು, ಈ ಸಲ ಊಟ ಮಾಡಿಕೊಂಡು ಒಂದು ಗಂಟೆಗೆ ಬನ್ನಿ ಎಂದೆ.

"ಯಾಕ್ರಿ ಅಕ್ಕಾರ, ಮುಂಜಾನಿ ಹೊಲ ಬ್ಯಾರೇದವ್ರಿಗೆ ಕೊಟ್ಟೀರೇನು?"

"ಇಬ್ಬನಿ ಇರಬಾರದಂತ, ಕರಿಯವ್ವ. ಬರದು ಹಾಕ್ಯಾರ."

"ಬರದವ್ರು ಎಂದರ ಹತ್ತಿ ಬಿಡಿಸ್ಯಾರೇನ್ರಿ?"

"ಓದಿದವರು ಬರದಿರ್ತಾರ. ಸುಮ್ನ ಬರದಿರೂದಿಲ್ಲ."

"ಹೌದ್ರಿ. ಓದಿದವ್ರು ಬರದಾರ, ಓದಿದವ್ರು ಓದ್ಯಾರ. ನಡುವ ನಮ್ಮ ಬೆರಳ್ಯಾಕ?"

ಅವಳ ಮಾತಿಗೆ ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಒಂದು ಗಂಟೆಗೆ ಬಂದಳು, ಏಕೆಂದರೆ ಹೊಲ ನನ್ನದು.

ಆರು ದಿನ ಹಾಗೆ ನಡೆಯಿತು. ಬೆಳಗಿನಲ್ಲಿ ಬರುತ್ತಿದ್ದ ತೂಕದ ಅರ್ಧವೂ ಬರಲಿಲ್ಲ. ಮೆಣಸಿನಕಾಯಿಯ ಕೂಲಿ ತಪ್ಪಿತು. ಎರಡನೇ ದಿನಕ್ಕೇ ಎಲ್ಲರ ಬೆರಳ ತುದಿ ಸೀಳಿತ್ತು. ಕರಿಯವ್ವನ ಸೊಸೆ ದುರ್ಗಾ ಅತ್ತೆಯ ಹಳೆಯ ಕೆಂಪು ಸೀರೆಯೊಂದನ್ನು ಹರಿದು, ಹನ್ನೊಂದು ಜನರ ಬೆರಳಿಗೂ ಚಿಂದಿ ಸುತ್ತಿ ಕಟ್ಟಿದಳು. ಚಿಂದಿ ಸುತ್ತಿದ ಬೆರಳಿಗೆ ಮುಳ್ಳು ತಾಗುವುದಿಲ್ಲ ನಿಜ, ಎಲೆಯ ಚೂರೂ ತಿಳಿಯುವುದಿಲ್ಲ. ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ನಿಲ್ಲಿಸಿ ಎನ್ನಬಹುದಿತ್ತು. ಅನ್ನಲಿಲ್ಲ. ಆ ಆರು ದಿನದ ಕೂಲಿಯನ್ನು ಬೆಳಗಿನ ತೂಕದ ಲೆಕ್ಕದಲ್ಲೇ ಕೊಟ್ಟೆ. ಅದು ನನ್ನ ಔದಾರ್ಯವಲ್ಲ, ನಾನು ತೆತ್ತ ದಂಡ. ಮತ್ತೆ ಮತ್ತೆ ಅನ್ನಿಸುತ್ತದೆ: ನಿಮ್ಮ ಫ್ಲೆಕ್ಸ್ ಗೇಟಿನ ಮೇಲಷ್ಟೇ ಇತ್ತು, ಅದನ್ನು ಹೊಲದವರೆಗೆ ಹೊತ್ತು ತಂದವಳು ನಾನು.

ಈ ಸಲ ಆ್ಯಪ್ ಮಧ್ಯಾಹ್ನದ ಸರದಿ ಕೊಟ್ಟಿತ್ತು. ನಿಮ್ಮ ಯಂತ್ರ ಏಳು ಪಾಯಿಂಟ್ ಎಂಟು ಎಂದಿತು. ಗ್ರೇಡರ್ ಮುಖದಲ್ಲಿ ಮೆಚ್ಚುಗೆ ಕಂಡು ನನಗೂ ಪಾಸಾದ ವಿದ್ಯಾರ್ಥಿಯ ಖುಷಿ. ಆಮೇಲೆ ಅವರು ಒಂದು ಹಿಡಿ ಹತ್ತಿ ತೆಗೆದು ಬಿಡಿಸಿ ನೋಡಿದರು. ಒಳಗೆಲ್ಲ ಎಲೆಯ ಕರಿ ಚೂರು. ಇನ್ನೊಂದು ಹಿಡಿ ತೆಗೆದರು. ಅದರೊಳಗಿಂದ ಎರಡು ಉಗುರಿನ ನಡುವೆ ಹಿಡಿದು ಮೆಲ್ಲಗೆ ಎಳೆದದ್ದು ಬೆರಳುದ್ದದ ಒಂದು ಕೆಂಪು ಎಳೆ.

"ಏನ್ರಿ ಮೇಡಂ ಇದು? ಹತ್ತಿ ತಂದೀರೋ, ಸೀರೀನ ನೇಯ್ದು ತಂದೀರೋ?"

ಕಸ ಹೆಚ್ಚು, ಬಣ್ಣದ ಎಳೆ ಇದೆ, ವಾಪಸು. ಗ್ರೇಡರ್ ಹೇಳಿದ್ದು ತಪ್ಪಲ್ಲ. ಅಂಥ ಒಂದು ಎಳೆ ನೂಲಿನೊಳಗೆ ಸೇರಿದರೆ ಬಿಳಿಯ ಬಟ್ಟೆಯ ಮೇಲೆ ಕಲೆಯಾಗಿ ಮೂಡುತ್ತದೆಂದು ನನಗೂ ಗೊತ್ತು. ಇಬ್ಬನಿಯಲ್ಲಿ ಬಿಡಿಸಿದರೆ ತೇವ, ಬಿಸಿಲಿನಲ್ಲಿ ಬಿಡಿಸಿದರೆ ಕಸ. ಹಾಗಾದರೆ ಹತ್ತಿಯನ್ನು ಯಾವ ಹೊತ್ತಿನಲ್ಲಿ ಬಿಡಿಸಬೇಕು? ನಿಮ್ಮ ಕಚೇರಿಯ ಗಡಿಯಾರದಲ್ಲಿ ನಮಗೆ ಕಾಣದ ಮತ್ತೊಂದು ಹೊತ್ತು ಇದೆಯೇ?

ಮನೆಗೆ ಬಂದು, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಖರೀದಿಯ ಮೂಲ ಸುತ್ತೋಲೆಯನ್ನು ತರಿಸಿಕೊಂಡು ಓದಿದೆ. ಇಂಗ್ಲಿಷಿನಲ್ಲಿದೆ, ಕೊನೆಗೂ ನನ್ನ ಶಾಲೆ ಉಪಯೋಗಕ್ಕೆ ಬಂತು. ತೇವ ಎಷ್ಟಿರಬೇಕು ಎಂದು ಅದರಲ್ಲಿದೆ, ಕಸ ಎಷ್ಟಿರಬಹುದು ಎಂದಿದೆ. ಯಾವ ಹೊತ್ತಿನಲ್ಲಿ ಬಿಡಿಸಬೇಕೆಂದು ಎಲ್ಲಿಯೂ ಇಲ್ಲ. ಮೂರು ಸಲ ಓದಿದೆ. ಅಂಗಳದಲ್ಲಿ ಹರವಬಾರದು ಎಂದೂ ಇಲ್ಲ. ಹಾಗಾದರೆ ಆ ಎರಡು ಸಾಲುಗಳು ನಿಮ್ಮ ಕೇಂದ್ರದ ಸ್ವಂತ ರಚನೆ. ಬರೆದವರು ಯಾರೇ ಇರಲಿ, ಅವರ ಭಾಷೆ ಶುದ್ಧವಾಗಿದೆ, ಅಕ್ಷರ ದುಂಡಗಿವೆ. ಹತ್ತಿ ಗಿಡವನ್ನು ಮಾತ್ರ ಅವರು ನೋಡಿದಂತಿಲ್ಲ.

ಇದು ಒಂದು ಹೊಲದ ಗೋಳು ಎಂದು ಬದಿಗಿಡಬೇಡಿ. ನಮ್ಮ ಹತ್ತಿ ಒಡೆಯುವ ಹೊತ್ತಿಗೇ ಹೊರದೇಶದ ಹತ್ತಿಯ ಮೇಲಿನ ಸುಂಕವನ್ನು ತೆಗೆದದ್ದು ನಿಮಗೆ ಗೊತ್ತಿದೆ. ಆ ಹತ್ತಿ ಸ್ವಚ್ಛ, ನಮ್ಮದರಲ್ಲಿ ಕಸ ಹೆಚ್ಚು ಎನ್ನುವುದು ಗಿರಣಿಗಳವರ ಹಳೆಯ ದೂರು. ಜಗತ್ತಿನ ಪೇಟೆಯಲ್ಲೂ ನಮ್ಮ ಹತ್ತಿಗೆ ಇದೇ ಹೆಸರು. ಆ ದೇಶಗಳಲ್ಲಿ ಯಂತ್ರ ಹೊಲಕ್ಕೆ ಇಳಿಯುವ ಮುಂಚೆ ಔಷಧಿ ಹೊಡೆದು ಎಲೆಯನ್ನೆಲ್ಲ ಉದುರಿಸುತ್ತಾರೆ. ಎಲೆ ಹತ್ತಿಗೆ ಸೇರಬಾರದು ಎಂದು ಅವರು ಅಷ್ಟು ಖರ್ಚು ಮಾಡಿ ಮಾಡುವ ಕೆಲಸವನ್ನು ನಮ್ಮಲ್ಲಿ ಇಬ್ಬನಿ ಪುಕ್ಕಟೆ ಮಾಡಿಕೊಡುತ್ತದೆ, ಕರಿಯವ್ವನ ಬರಿಗೈ ಮುಗಿಸಿಕೊಡುತ್ತದೆ. ನ್ಯೂಯಾರ್ಕ್ ಪೇಟೆಯ ಹತ್ತಿಯ ವಾಯಿದೆ ದರವನ್ನು ನಾನು ದಿನವೂ ಫೋನಿನಲ್ಲಿ ನೋಡುತ್ತೇನೆ. ಅದನ್ನು ಏರಿಸುವುದು ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಇರುವ ಸ್ವಚ್ಛ ಹತ್ತಿಯನ್ನು ಕಸದ ಹತ್ತಿ ಮಾಡದಿರುವುದಾದರೂ ನಿಮ್ಮ ಕೈಯಲ್ಲಿ ಇರಲಿಲ್ಲವೇ?

ನನ್ನ ತಿಳಿವಳಿಕೆಯ ಮೇಲೆ ನನಗೇ ಅನುಮಾನ ಬಂದಿದ್ದರಿಂದ, ಎರಡು ಪೊಟ್ಟಣಗಳಲ್ಲಿ ಅಂದು ಬೆಳಿಗ್ಗೆ ನಾನೇ ಬಿಡಿಸಿದ ಒಂದು ಹಿಡಿ ಹತ್ತಿ, ವಾಪಸು ಬಂದ ಮಧ್ಯಾಹ್ನದ ಹತ್ತಿ ಕಟ್ಟಿಕೊಂಡು ನಮ್ಮ ಓಣಿಯ ಅನ್ನಪೂರ್ಣಾ ಅವರ ಮನೆಗೆ ಹೋದೆ. ಮೂವತ್ತು ವರ್ಷದಿಂದ ಕೈಮಗ್ಗದಲ್ಲಿ ಪಟ್ಟೆದಂಚಿನ ಸೀರೆ ನೇಯುವವರು. ಯಾವುದು ಯಾವಾಗಿನದೆಂದು ನಾನು ಹೇಳಲಿಲ್ಲ. ಅವರು ಮಧ್ಯಾಹ್ನದ್ದನ್ನು ಎರಡು ಬೆರಳಲ್ಲಿ ಹಿಂಜಿ ಪಕ್ಕಕ್ಕಿಟ್ಟರು.

"ಇದರ ನೂಲು ಮಗ್ಗಕ್ಕ ಹಾಕಿದ್ರ ತಾಸಿಗೆ ನಾಕು ಸಲ ಹರೀತೈತಿ ನೋಡ್ರಿ ತಂಗಿ. ಯಾರು ಬಿಡಿಸಿದ್ದಿದು, ಸಿಟ್ಟಿಲೆ ಬಿಡಿಸ್ಯಾರೇನು?"

ಗ್ರೇಡರ್ ಕೈಯಿಂದ ಇಸಿದುಕೊಂಡಿದ್ದ ಆ ಕೆಂಪು ಎಳೆಯನ್ನೂ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಕಡೇದ ಸೀರೀದ ಐತ್ರಿ. ಮಂದಿ ಉಟ್ಟು ಉಟ್ಟು ಸವೆಸಿದ್ದು," ಎಂದರು. ಸೀರೆ ಯಾರದೆಂದು ಹೇಳಲು ನಾಚಿಕೆಯಾಯಿತು.

ಮೊನ್ನೆ ದುರ್ಗಾ ಬಂದಿದ್ದಳು. ಗೋವಾದ ಗುತ್ತಿಗೆದಾರನ ಗಾಡಿ ಸಂಕ್ರಾಂತಿಯ ಮರುವಾರ ಬರುತ್ತದಂತೆ. ಅವಳೂ ಗಂಡನೂ ಹೆಸರು ಬರೆಸಿದ್ದಾರೆ, ಗುಂಪಿನ ಇನ್ನೂ ಆರು ಜನ ಬರೆಸಲಿದ್ದಾರೆ. "ಮುಂಜಾನಿ ಹೊಲ ಇದ್ರ ಯಾರ್ ಗೋವಾಕ್ಕ ಹೊಕ್ಕಾರ್ರಿ ಅಕ್ಕಾರ? ಮಧ್ಯಾಹ್ನ ಇಲ್ಲಿ ಬೆರಳು ಸೀಳಿಕೊಳ್ಳೂದಕಿಂತ ಅಲ್ಲೇ ಇಟ್ಟಂಗಿ ಹೊರೂದು ಚಲೋ," ಎಂದಳು. ಬೆಳಗಿನಲ್ಲೇ ಬಿಡಿಸೋಣ, ಇರಿ ಎಂದೆ. "ನೀವು ಅಂತೀರಿ. ಗೇಟಿನ್ಯಾಗಿನವ್ರು ಏನಂತಾರ?" ಎಂದು ಕೇಳಿದಳು. ಅದಕ್ಕೆ ಉತ್ತರ ಇರುವುದು ನಿಮ್ಮಲ್ಲಿ. ಆ ಗಾಡಿ ಹೊರಟುಹೋದರೆ ಮುಂದಿನ ಸುಗ್ಗಿಗೆ ನಿಮ್ಮ ಫ್ಲೆಕ್ಸ್ ಇರುತ್ತದೆ, ಇಬ್ಬನಿ ಇರುತ್ತದೆ, ಹತ್ತಿಯೂ ಇರಬಹುದು. ಬಿಡಿಸುವ ಕೈ ಇರುವುದಿಲ್ಲ.

ಆದ್ದರಿಂದ ಕೇಳಿ. ಇಲ್ಲಿಂದ ಮುಂದಿನದು ವಿನಂತಿಯಲ್ಲ. ಮೂರನೇ ಸಲದ ಹತ್ತಿಯನ್ನು ನಾವು ಈ ಸೋಮವಾರದಿಂದ ಬಿಡಿಸುತ್ತೇವೆ, ಹೊತ್ತು ಮೂಡುವ ಮುಂಚೆಯೇ. ಕಣದಲ್ಲಿ ಒಣಗಿಸುತ್ತೇವೆ. ನೀವು ಮಧ್ಯಾಹ್ನದ ಸರದಿ ಕೊಟ್ಟರೆ ಸಂತೋಷ. ಬೆಳಗಿನದೇ ಕೊಟ್ಟು ಮತ್ತೆ ರಾತ್ರಿಯೆಲ್ಲ ಬಯಲಲ್ಲಿ ನಿಲ್ಲಿಸಿದರೆ, ತೊಯ್ದ ಚೀಲಗಳನ್ನು ನಿಮ್ಮ ಅಂಗಳದಲ್ಲೇ ಬಿಚ್ಚಿ ಹರವುತ್ತೇವೆ. ನಿಮ್ಮ ಅಪ್ಪಣೆಗೆ ಕಾಯುವುದಿಲ್ಲ. ಹರವಿದ ಹತ್ತಿಯ ಸುತ್ತ ಹನ್ನೊಂದು ಹೆಣ್ಣುಮಕ್ಕಳು ಕೂತಿರುತ್ತಾರೆ, ಹನ್ನೆರಡನೆಯವಳಾಗಿ ನಾನು. ಎರಡು ತಾಸಿನ ಮೇಲೆ ನಿಮ್ಮ ಯಂತ್ರ ತಂದು ಎಲ್ಲಿ ಬೇಕೋ ಅಲ್ಲಿ ಚುಚ್ಚಿ. ಪೊಲೀಸರನ್ನು ಕರೆಸುವುದಾದರೆ ಕರೆಸಿ, ಅವರ ಕೈಗೂ ಒಂದೊಂದು ಹಿಡಿ ಹತ್ತಿ ಕೊಟ್ಟು ಕಸ ತೋರಿಸಿ ಎನ್ನುತ್ತೇವೆ. ಅಷ್ಟರೊಳಗೆ ಆ ಎರಡು ಸಾಲುಗಳು ಫ್ಲೆಕ್ಸಿನ ಮೇಲೆ ಇರಬಾರದು. ಇದ್ದರೆ ಅಳಿಸಲು ಸುಣ್ಣ, ಕುಂಚ ನಾವೇ ತರುತ್ತೇವೆ.

ಈ ಪತ್ರದ ಮೂಲ ಪ್ರತಿಗೆ ಆ ಕೆಂಪು ಎಳೆಯನ್ನು ಪಿನ್ನು ಹಾಕಿ ಕಳಿಸಿದ್ದೇನೆ. ನಿಮ್ಮ ಕಡತದಲ್ಲಿ ಅದು ಬಣ್ಣದ ಎಳೆ. ನಮ್ಮ ಹೊಲದಲ್ಲಿ ಅದು ಒಂದು ಬೆರಳಿಗೆ ಕಟ್ಟಿದ್ದ ಬಟ್ಟೆ.

ಬರೆದು ಮುಗಿಸಿ ಕರಿಯವ್ವನಿಗೆ ಓದಿ ಹೇಳಿದೆ. ಸೀರೆಯ ಮಾತು ಬಂದಾಗ ಮುಖ ತಿರುಗಿಸಿದಳು. ಕೊನೆಗೆ ಇಷ್ಟು ಹೇಳಿದಳು: "ಎಲ್ಲಾ ಚಲೋ ಬರದೀರಿ. ಆದ್ರ ಇಷ್ಟುದ್ದ ಓದಾಕ ಅವ್ರಿಗೆ ಪುರಸೊತ್ತು ಇರತೈತೇನ್ರಿ? ಮುಂಜಾನಿ ಹೊಲಕ್ಕ ಬರ್ರಿ ಅಂತ ಒಂದ್ ಮಾತು ಬರೀರಿ, ಸಾಕು."

ಮಾನ್ಯರೇ, ಮುಂಜಾನೆ ಹೊಲಕ್ಕೆ ಬನ್ನಿ.

ಇಂತಿ,
ತಮ್ಮ ಫಲಕವನ್ನು ಓದಿ ನಂಬಿದ ಒಬ್ಬಳೇ ಒಬ್ಬಳು,
ವಿದ್ಯಾಶ್ರೀ
ಲಕ್ಕಲಕಟ್ಟಿ ಹೊಲದಿಂದ