ಹಸಿರು ಮೋಡ, ನೇರಳೆ ಮೋಡ

ತಿರುವನಂತಪುರ
೨೦ ಮಾರ್ಚ್ ೨೦೦೨

ಪ್ರೀತಿಯ ಅತ್ತೆಯವರಿಗೆ,

ಶರಣಾರ್ಥಿ. ಶಿವರಾತ್ರಿಗೆ ಮೊದಲೇ ನಿಮ್ಮ ಕೈ ಸೇರಬೇಕಿದ್ದ ಪತ್ರ ಇದು. ಕೆಲಸ ಮುಗಿದದ್ದೇ ಜ್ವರ ಬಂದು ಮಲಗಿಬಿಟ್ಟೆ. ಈಗ ಆರಾಮಾಗಿದ್ದೇನೆ, ಕಾಳಜಿ ಬೇಡ. ನಿಮ್ಮ ಕನ್ನಡಕ ಒಡೆದಿದೆ ಎಂದು ನಿಮ್ಮ ಮಗ ಬರೆದಿದ್ದರು, ಅದಕ್ಕೇ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಬನಹಟ್ಟಿಯಲ್ಲಿ ಬಿಸಿಲು ಶುರುವಾಗಿರಬೇಕು. ಮಗ್ಗದ ಮನೆಯ ಸೆಕೆಯಲ್ಲಿ ನೀವು ಬಹಳ ಹೊತ್ತು ಕೂರಬೇಡಿ.

ದೀಪಾವಳಿಗೆ ಬಂದಾಗ ನೀವು ಕಂಡಿಕೆಗೆ ನೂಲು ಸುತ್ತುತ್ತ ಕೇಳಿದ್ದಿರಿ: “ಮ್ಯಾಲ ಗಾಳಿ ಬೀಸಿದ್ರ ಎಲ್ಲಾನೂ ಒಂದ ಕಡೆ ಹಾರಬೇಕಲ್ಲ? ಅದರಾಗ ಮತ್ತ ನೋಡೂದೇನದ?” ಅಂದು ಸರಿಯಾಗಿ ಹೇಳಲು ಬರಲಿಲ್ಲ. ಈಗ ಕಣ್ಣಾರೆ ನೋಡಿದ್ದೇನೆ.

ವಿಮಾನ ಹಾರುವುದಕ್ಕಿಂತ ಎಷ್ಟೋ ಮೇಲೆ ಗಾಳಿ ಬಹಳ ತೆಳ್ಳಗಿದೆ. ಅಲ್ಲಿ ಸೂರ್ಯನ ಕಿರಣ ತಾಗಿ ಕೆಲವು ಕಣಗಳು ಒಡೆದು ವಿದ್ಯುತ್ತು ಹೊತ್ತುಕೊಳ್ಳುತ್ತವೆ, ಉಳಿದವು ಹಾಗೇ ಇರುತ್ತವೆ. ಗಾಳಿ ಎಲ್ಲವನ್ನೂ ನೂಕುತ್ತದೆ. ಆದರೆ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ವಿದ್ಯುತ್ತು ಹೊತ್ತ ಕಣ ಅದರ ಹಿಡಿತ ತಪ್ಪಿಸಿಕೊಂಡು ಹೋಗಲಾರದು. ಅವು ಹೇಗೆ ಚಲಿಸುತ್ತವೆ ಎಂಬುದು ಗೊತ್ತಾದರೆ, ದೂರದ ರೇಡಿಯೊ ಸಂಜೆ ಯಾಕೆ ಕರಕರ ಅನ್ನುತ್ತದೆ, ಉಪಗ್ರಹದ ಸಂಕೇತ ಯಾಕೆ ತಪ್ಪುತ್ತದೆ ಎಂಬುದೂ ಗೊತ್ತಾಗುತ್ತದೆ.

ಆ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬೇರಿಯಂ ಎಂಬ ಲೋಹದ ಆವಿಯನ್ನು ರಾಕೆಟ್ಟಿನಲ್ಲಿ ಕಳಿಸಿ ಮುಸ್ಸಂಜೆಯಲ್ಲಿ ಬಿಡುತ್ತಾರೆ. ನೆಲದ ಮೇಲೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಆವಿ ಹೊಳೆಯುತ್ತದೆ, ಅದರ ಕೆಲವು ಕಣಗಳೂ ವಿದ್ಯುತ್ತು ಹೊತ್ತುಕೊಳ್ಳುತ್ತವೆ. ಅದರ ಚಿತ್ರ ತೆಗೆಯುವುದು ನನ್ನ ಕೆಲಸ. ಮೊದಲ ಸಲ ಮಳೆಮೋಡ ಮುಚ್ಚಿತು. ಎರಡನೆಯ ಸಲ ಆವಿಯ ಡಬ್ಬಿ ತೆರೆಯಲೇ ಇಲ್ಲ. ಉಳಿದದ್ದು ಒಂದೇ ರಾಕೆಟ್ಟು. ಅದೂ ಕೈಕೊಟ್ಟಿದ್ದರೆ ನನ್ನ ಓದು ಅಲ್ಲಿಗೇ ನಿಂತು, ಬರಿಗೈಯಲ್ಲಿ ನಿಮ್ಮ ಮುಂದೆ ಬಂದು ನಿಲ್ಲಬೇಕಿತ್ತು.

ಆ ಕೊನೆಯ ರಾಕೆಟ್ಟು ಹಾರುವ ಸಂಜೆ ಕಡಲ ದಂಡೆಯಲ್ಲಿ ಕ್ಯಾಮೆರಾದ ಪಕ್ಕ ನಿಂತಿದ್ದೆ. ರಾಕೆಟ್ಟು ಹೋಯಿತು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಮುಗಿಲಲ್ಲಿ ಬೆಳಕಿನ ಉಂಡೆಯೊಂದು ಅರಳಿತು. ನೋಡನೋಡುತ್ತ ಅದು ಎರಡಾಯಿತು ಅತ್ತೆ. ಹಸಿರು ಬಣ್ಣದ್ದು ಗುಂಡಗೆ ಹಿಗ್ಗುತ್ತ ಗಾಳಿಯ ಜೊತೆ ಪೂರ್ವಕ್ಕೆ ಸರಿಯಿತು. ನೇರಳೆ ಬಣ್ಣದ್ದೇ ವಿದ್ಯುತ್ತು ಹೊತ್ತದ್ದು. ಅದು ಗಾಳಿಯ ಮಾತು ಕೇಳಲಿಲ್ಲ. ದಕ್ಷಿಣದಿಂದ ಉತ್ತರಕ್ಕೆ ಹಾಸುನೂಲಿನ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತ ನಿಧಾನವಾಗಿ ಮೇಲೇರಿತು. ಇಷ್ಟು ದಿನ ಬರೀ ಲೆಕ್ಕದಲ್ಲಿ ಕಂಡದ್ದು ಕಣ್ಣೆದುರಿಗಿತ್ತು. ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದು ಕುಲುಕುತ್ತಿದ್ದರು. ನನಗೆ ನೀವು ನೆನಪಾದಿರಿ.

ನಾಲ್ಕು ವರ್ಷದ ಹಿಂದೆ ನಾನು ಇಲ್ಲಿಗೆ ಹೊರಟ ದಿನ ನಿಮ್ಮ ನಾದಿನಿ ಅನಸವ್ವ ಕಟ್ಟೆಯ ಮೇಲೆ ಕೂತು, “ಹಾಲು ಕುಡಿಯೋ ಕೂಸಿನ್ನ ಬಿಟ್ಟು ಮುಗಲು ನೋಡಾಕ ಹೊಂಟಾಳ” ಎಂದರು. ಓಣಿಯೆಲ್ಲ ಕೇಳುತ್ತಿತ್ತು. ನೀವು ನನ್ನ ಕೈಗೆ ಬುತ್ತಿ ಕೊಡುತ್ತ, “ಆಕಿ ಮುಗಲು ನೋಡಲಿ, ಕೂಸಿನ್ನ ನಾ ನೋಡ್ತೀನಿ” ಎಂದಿರಿ. ಅಷ್ಟೇ. ಆಮೇಲೆ ಕೂಸು ಭಾಗ್ಯಾಳಿಗೆ ಎದೆಯಲ್ಲಿ ಕಫ ಕಟ್ಟಿದಾಗ ಬಸ್ಸಿನಲ್ಲಿ ಜಮಖಂಡಿಗೆ ಹೊತ್ತುಕೊಂಡು ಹೋದವರು ನೀವು. ನನ್ನ ಪರೀಕ್ಷೆ ಮುಗಿಯುವ ತನಕ ಅದನ್ನು ನನಗೆ ತಿಳಿಸದವರೂ ನೀವು. ನನ್ನ ಹೆತ್ತವ್ವ ಇದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

ಇನ್ನು ಪ್ರಬಂಧ ಬರೆಯಬಹುದು ಎಂದು ಗುರುಗಳು ಹೇಳಿದ್ದಾರೆ. ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕುತ್ತೇನೆ. ಶೇವಂತಿಬಾಯಿ ಎನ್ನಲೋ, ಶೇವಂತೆವ್ವ ಎನ್ನಲೋ, ತಿಳಿಸಿ. ಯುಗಾದಿಗೆ ಬರುತ್ತೇನೆ. ನಿಮ್ಮ ಕೈ ನನ್ನ ತಲೆಯ ಮೇಲೆ ಹೀಗೆಯೇ ಇರಲಿ, ನಿಮ್ಮ ಮೈಗೆ ಯಾವ ನೋವೂ ಬಾರದಿರಲಿ.

ನಿಮ್ಮ ಸೊಸೆ,
ಅನುರಾಧಾ

ತಾ.ಕ.: ಮೊನ್ನೆ ರವಿವಾರ ಫೋನ್ ಮಾಡಿದಾಗ ಮೊದಲು ಎತ್ತಿದವಳು ಭಾಗ್ಯಾ. “ಯಾರ್ರಿ?” ಎಂದಳು. “ನಾ ಬೇ, ಅವ್ವ” ಎಂದೆ. “ಅವ್ವ ಹಿತ್ತಲದಾಗ ಅದಾಳ್ರಿ. ಕರೀಲೇನ್ರಿ?” ಎಂದು ಕೇಳಿದಳು. ಕರಿ ಎಂದೆ. ಅವಳು ಓಡಿಹೋಗಿ ‘ಅವ್ವಾ’ ಎಂದು ನಿಮ್ಮನ್ನು ಕೂಗಿದ್ದು ಇಲ್ಲಿಗೆ ಕೇಳಿಸಿತು. ನೀವು ಬಂದ ಮೇಲೆ ನಾನು ಮಳೆ-ಬಿಸಿಲಿನ ಮಾತಾಡಿ ಇಟ್ಟುಬಿಟ್ಟೆ. ಅವಳನ್ನು ತಿದ್ದಬೇಡಿ ಅತ್ತೆ. ಆ ಹೆಸರು ನೀವು ದುಡಿದು ಪಡೆದದ್ದು. ನಾನು ಬಂದಾಗ ಅವಳು ನನ್ನನ್ನು ಏನೆಂದು ಕರೆದರೂ ಓಗೊಡುತ್ತೇನೆ.